ಶರದೃತುವಿಗೆ ಹಿತ್ತಿಲ ಸಿದ್ಧತೆ

ಇಂಗ್ಲಿಷ್ ಪದ್ಯದ ತರಗತಿಯಲ್ಲಿ ಕೀಟ್ಸ್ ಕವಿಯ ಶರತ್ಕಾಲದ ಕವಿತೆಯನ್ನು ಓದಿದವರಿಗೆ ಒಂದು ಸಣ್ಣ ತೊಡಕು ಎದುರಾಗಿರಬೇಕು. ಆತನು ಅದನ್ನು ರಚಿಸಿದ್ದು 1819ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದಲ್ಲಿ. ಆ ನಾಡಿನಲ್ಲಿ ಅದು ಸುಗ್ಗಿ ಮುಗಿಯುವ, ಎಲೆ ಹಣ್ಣಾಗಿ ಉದುರಲಾರಂಭಿಸುವ ಕಾಲ. ನಮ್ಮ ನಿಘಂಟುಗಳು ಆ ಋತುವಿನ ಹೆಸರಿಗೆ ಸರಿಯಾಗಿ 'ಶರತ್' ಎಂಬ ಮಾತನ್ನು ಕೊಟ್ಟು ಸುಮ್ಮನಾಗುತ್ತವೆ. ಆದರೆ ನಮ್ಮಲ್ಲಿ ಶರದೃತುವೆಂದರೆ ಆಶ್ವಯುಜ, ಕಾರ್ತಿಕ ಮಾಸಗಳು. ವರ್ಷದಲ್ಲಿ ನೆಲವು ಅತ್ಯಂತ ಹಸುರಾಗಿರುವುದು ಆಗಲೇ. ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಅಲ್ಲಿಯ ಮರ ಚಳಿಗೆ ಹೆದರಿ ಎಲೆ ಕಳಚುತ್ತದೆ. ಇಲ್ಲಿಯ ಮರ ಬಾಯಾರಿಕೆಗೆ ಹೆದರಿ ಕಳಚುತ್ತದೆ.

ಈ ವ್ಯತ್ಯಾಸವು ಕೇವಲ ಪದಗಳದ್ದಲ್ಲ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕವನ್ನು ಹಿಡಿದುಕೊಂಡು ಶರತ್ಕಾಲದ ಕೆಲಸಗಳನ್ನು ಮಾಡಹೊರಟವನು ತೋಟದ ಬಾಗಿಲು ಮುಚ್ಚುವ ಕೆಲಸ ಮಾಡಿಯಾನು. ಗೆಡ್ಡೆಗಳನ್ನು ಕಿತ್ತು ಒಳಗಿಡು, ಗಿಡಗಳಿಗೆ ಹಿಮದಿಂದ ಮರೆ ಮಾಡು, ಮುಂದಿನ ವಸಂತದವರೆಗೆ ವಿಶ್ರಮಿಸು ಎಂಬುದು ಅಲ್ಲಿನ ಕ್ರಮ. ನಮ್ಮ ಮೈದಾನ ಸೀಮೆಯ ಹಿತ್ತಿಲಿಗೆ ಇದು ಎರಡನೆಯ ಆರಂಭ. ಮುಂಗಾರಿನ ಬೆಳೆ ಮುಗಿಯುತ್ತ ಬರುತ್ತದೆ, ಹಿಂಗಾರು ಇನ್ನೂ ಕೈಯಲ್ಲಿದೆ, ಮುಂದೆ ಚಳಿಯ ಮೂರು ತಿಂಗಳು ಸೊಪ್ಪು ತರಕಾರಿಗಳಿಗೆ ಹಿತವಾದ ಕಾಲ. ಈ ಲೇಖನದಲ್ಲಿ ಹೇಳುವುದೆಲ್ಲ ದಕ್ಷಿಣದ ಮೈದಾನದ ಕೆಂಪು ಮಣ್ಣಿನ ಹಿತ್ತಿಲನ್ನು ಕುರಿತದ್ದು. ಮಲೆನಾಡಿನವರಿಗೂ ಕರಾವಳಿಯವರಿಗೂ ಉತ್ತರದ ಎರೆಭೂಮಿಯವರಿಗೂ ಲೆಕ್ಕ ಬೇರೆಯಾಗುತ್ತದೆ. ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಕಲಾವಿಭಾಗದವನು. ಆದುದರಿಂದ ಶಾಸ್ತ್ರದ ಮಾತು ಬಂದಲ್ಲಿ ಓದಿ ತಿಳಿದುದನ್ನೂ, ಮಣ್ಣಿನ ಮಾತು ಬಂದಲ್ಲಿ ಮಾಡಿ ಕೆಟ್ಟುದನ್ನೂ ಹೇಳುವೆನು.

ಮೊದಲು ಮಳೆಯ ವಿಚಾರ. ಬೆಂಗಳೂರಿನಲ್ಲಿ ವರ್ಷದ ಅತ್ಯಧಿಕ ಮಳೆ ಬೀಳುವ ತಿಂಗಳು ಜೂನ್ ಅಲ್ಲ, ಜುಲೈ ಅಲ್ಲ, ಸೆಪ್ಟೆಂಬರ್. ಸರಾಸರಿ ಸುಮಾರು 200 ಮಿಲಿಮೀಟರ್. ಹತ್ತಡಿ ಉದ್ದ ಹತ್ತಡಿ ಅಗಲದ ನೆಲದ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 1,850 ಲೀಟರ್ ನೀರಾಯಿತು. ಹದಿನೈದು ಲೀಟರಿನ ಕೊಡದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಕೊಡ. ಇದನ್ನು ಹೊತ್ತು ಹಾಕಬೇಕಾದವರಿಗೆ ಇದರ ಬೆಲೆ ತಿಳಿದೀತು. ಅಕ್ಟೋಬರಿನಲ್ಲಿಯೂ ಒಳ್ಳೆಯ ಮಳೆಯುಂಟು. ನವೆಂಬರ್ ಹೊತ್ತಿಗೆ ಇಳಿಮುಖ. ಡಿಸೆಂಬರ್ ಕಳೆದ ಮೇಲೆ ಬೇಸಗೆಯ ಗುಡುಗಿನ ಮಳೆ ಬರುವ ತನಕ ಆಕಾಶವನ್ನು ನೋಡಿ ಪ್ರಯೋಜನವಿಲ್ಲ. ಹಳೆಯವರ ಎಣಿಕೆಯಲ್ಲಿ ಹಸ್ತಾ ಮಳೆ ಹುಟ್ಟುವುದು ಸೆಪ್ಟೆಂಬರ್ 27ರ ಸುಮಾರಿಗೆ. ಅದರ ಹಿಂದೆ ಚಿತ್ತೆ, ಸ್ವಾತಿ, ವಿಶಾಖ. ಚಿತ್ತೆಯನ್ನು ವಿಚಿತ್ರ ಮಳೆ ಎಂದು ಕರೆಯುವುದು ಸುಮ್ಮನಲ್ಲ. ಈ ಬೀದಿಯಲ್ಲಿ ಸುರಿದು ಆ ಬೀದಿಯಲ್ಲಿ ಹನಿಯದೆ ಹೋಗುವ ಮಳೆ ಅದು. ಹೀಗಿರುವುದರಿಂದ ಸಿದ್ಧತೆಯೆಂಬುದು ಮುಖ್ಯವಾಗಿ, ಬೀಳುವ ನೀರನ್ನು ನೆಲದೊಳಕ್ಕೆ ಇಳಿಸಿ ಅಲ್ಲಿಯೇ ಹಿಡಿದಿಡುವ ಸಿದ್ಧತೆ.

ಮೂರು ತಿಂಗಳ ಮಳೆಯ ಪೆಟ್ಟಿಗೆ ಕೆಂಪು ಮಣ್ಣಿನ ಮೇಲ್ಮೈ ಹೆಪ್ಪುಗಟ್ಟಿರುತ್ತದೆ. ಹನಿಯ ಹೊಡೆತಕ್ಕೆ ಮಣ್ಣಿನ ಹರಳು ಒಡೆದು, ನುಣ್ಣನೆಯ ಪುಡಿ ರಂಧ್ರಗಳನ್ನು ಮುಚ್ಚಿಕೊಂಡು, ಒಂದು ಬಿಸಿಲಿಗೆ ಹಪ್ಪಳದಂತಾಗುತ್ತದೆ. ಮುಂದೆ ಬಿದ್ದ ಮಳೆ ಇದರ ಮೇಲೆ ಜಾರಿ ಚರಂಡಿ ಸೇರುವುದಲ್ಲದೆ ಬೇರಿಗೆ ಇಳಿಯದು. ಈ ಹೆಪ್ಪನ್ನು ಒಡೆಯಬೇಕು. ಆದರೆ ಯಾವಾಗ? ಇಲ್ಲಿ 'ಹದ' ಎಂಬ ಮಾತು ಬರುತ್ತದೆ. ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಒತ್ತಿರಿ. ಬೆರಳ ಸಂದಿಯಲ್ಲಿ ಕೆಸರು ಬಂದರೆ ಇನ್ನೂ ಎರಡು ದಿನ ತಡೆಯಿರಿ. ಉಂಡೆಯೇ ಆಗದಿದ್ದರೆ ಹದ ಮೀರಿತು. ಉಂಡೆಯಾಗಿ, ಎದೆಯೆತ್ತರದಿಂದ ಬಿಟ್ಟಾಗ ನೆಲಕ್ಕೆ ತಾಗಿ ಚದುರಿದರೆ ಗುದ್ದಲಿ ಎತ್ತಿಕೊಳ್ಳಿರಿ. ಹಸಿ ಮಣ್ಣನ್ನು ಅಗೆದರೆ ಹೆಂಟೆಯೆದ್ದು ಒಣಗಿ ಇಟ್ಟಿಗೆಯಾಗುತ್ತದೆ. ಆಮೇಲೆ ಅದನ್ನು ಒಡೆಯುವುದಕ್ಕೆ ಇಡೀ ಚಳಿಗಾಲ ಸಾಲದು. ಭಾನುವಾರ ಬಿಡುವಿದೆಯೆಂದು ಭಾನುವಾರವೇ ಅಗೆಯುವ ನಮ್ಮಂಥ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹದಕ್ಕೆ ರಜಾಪಟ್ಟಿ ತಿಳಿಯದು.

ಮಡಿಗಳ ಅಗಲ ನಾಲ್ಕಡಿಯನ್ನು ಮೀರಬಾರದು. ಎರಡು ಕಡೆಯಿಂದಲೂ ಕೈ ಚಾಚಿದರೆ ನಡುವಿಗೆ ಎಟುಕಬೇಕು. ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಮಳೆ ಇನ್ನೂ ಇರುವುದರಿಂದ ಈಗ ಮಾಡುವ ಮಡಿ ನಾಲ್ಕೈದು ಅಂಗುಲ ಎತ್ತರವಾಗಿರಲಿ. ಕಾರ್ತಿಕ ಕಳೆದ ಮೇಲೆ ನೀರು ಕಟ್ಟುವ ಕಾಲ ಬಂದಾಗ ಅದೇ ಮಡಿಯ ಅಂಚನ್ನು ಏರಿಸಿ ಪಾತಿಯಾಗಿ ತಿರುಗಿಸಿಕೊಳ್ಳಬಹುದು. ತೆಂಗಿನ ಮರವಿದ್ದರೆ ಅದರ ಸುತ್ತ ಆರಡಿ ಅಂತರದಲ್ಲಿ ಪಾತಿ ಬಿಡಿಸಿ ಗೊಬ್ಬರ ಕೊಡುವುದಕ್ಕೂ ಇದೇ ಸಮಯ. ಮಣ್ಣು ಸಡಿಲಿಸಿದ ಮೇಲೆ ಬರಿದಾಗಿ ಬಿಡದೆ ಒಣಗಿದೆಲೆ, ರಾಗಿ ಹುಲ್ಲು, ತೆಂಗಿನ ಸಿಪ್ಪೆ, ಏನು ಸಿಕ್ಕರೆ ಅದನ್ನು ಹೊದಿಸುವುದು ಮುಖ್ಯ. ಹೊದಿಕೆಯಿಂದ ಎರಡು ಲಾಭ: ಹನಿಯ ಪೆಟ್ಟು ಮಣ್ಣಿಗೆ ತಾಗದು, ಬಿಸಿಲಿಗೆ ತೇವ ಹಾರದು.

ಕಳೆಯನ್ನು ಈಗ ಕೀಳದಿದ್ದರೆ ಮುಂದಿನ ವರ್ಷವೂ ಕೀಳಬೇಕಾಗುತ್ತದೆ. ಭಾದ್ರಪದದ ಕೊನೆಗೆ ಬಹುಪಾಲು ಕಳೆಗಳು ಹೂವಿಗೆ ಬಂದಿರುತ್ತವೆ; ಬೀಜ ಕಟ್ಟುವ ಮೊದಲು ಕಿತ್ತರೆ ಅವೇ ಗೊಬ್ಬರ. ಕಾಂಗ್ರೆಸ್ ಗಿಡವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ ಈ ಅಮೆರಿಕದ ಸಸ್ಯ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಜೇಕಿನ ಗೆಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕುವುದು ಕಳ್ಳನಿಗೆ ಊಟವಿಕ್ಕಿ ಮನೆಯಲ್ಲಿ ಮಲಗಿಸಿದಂತೆ. ಅವನ್ನು ಕಲ್ಲಿನ ಮೇಲೆ ಹರಡಿ ಚೆನ್ನಾಗಿ ಒಣಗಿಸಿ ಸುಡಬೇಕು.

ಗೊಬ್ಬರದ ಗುಂಡಿಯ ವಿಷಯದಲ್ಲಿ ನಮ್ಮ ನಾಡಿಗೆ ಒಂದು ಹೆಮ್ಮೆಯ ಸಂಗತಿಯುಂಟು. ಆಲ್ಬರ್ಟ್ ಹೋವರ್ಡ್ ಇಂದೂರಿನಲ್ಲಿ ರೂಪಿಸಿ 1931ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯಲ್ಲಿ ಕಸಕಡ್ಡಿಯನ್ನು ಪದರ ಪದರವಾಗಿ ಒಟ್ಟಿ ಆಗಾಗ ತಿರುವಿ ಹಾಕಬೇಕು. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುವುದು ನಿಜ, ಆದರೆ ತಿರುವಲು ಆಳು ಬೇಕು, ನೀರು ಬೇಕು. ಬೆಂಗಳೂರಿನಲ್ಲಿ 1939ರ ವೇಳೆಗೆ ರೂಪುಗೊಂಡ ಬೆಂಗಳೂರು ಪದ್ಧತಿಯಲ್ಲಿ ಕಸ, ಸಗಣಿಗಳನ್ನು ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು, ಮತ್ತೆ ಮುಟ್ಟುವಂತಿಲ್ಲ. ಆರರಿಂದ ಎಂಟು ತಿಂಗಳು ಹಿಡಿದರೂ ಸಾರಜನಕದ ನಷ್ಟ ಕಡಿಮೆ, ನೊಣದ ಕಾಟವಿಲ್ಲ. ಪುಟ್ಟ ಹಿತ್ತಿಲಿಗೆ ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ. ಮಳೆಗಾಲದ ಕಳೆಯೆಲ್ಲ ಕೈಗೆ ಬರುವ ಆಶ್ವಯುಜದಲ್ಲಿ ಮುಚ್ಚಿದ ಗುಂಡಿಯನ್ನು ಮುಂದಿನ ಮುಂಗಾರಿಗೆ ಮೊದಲು ತೆರೆದರೆ ಕಾಲವೂ ಸರಿಹೋಗುತ್ತದೆ.

ಬಿತ್ತನೆಯ ಮಾತನ್ನು ಬೇಗ ಮುಗಿಸುವೆ, ಮನೆಮನೆಯಲ್ಲಿ ತಿಳಿದದ್ದೇ. ಎಲೆಕೋಸು, ಹೂಕೋಸು, ನವಿಲುಕೋಸು, ಟೊಮೆಟೊಗಳನ್ನು ಸಸಿಮಡಿಯಲ್ಲಿ ಬಿತ್ತಿ ನಾಲ್ಕೈದು ವಾರದ ಸಸಿಯನ್ನು ಕಿತ್ತು ನೆಡುವುದು. ಮೂಲಂಗಿ, ಕ್ಯಾರೆಟ್, ಹುರುಳಿಕಾಯಿ, ಮೆಂತ್ಯ, ಸಬ್ಬಸಿಗೆಗಳನ್ನು ಇದ್ದಲ್ಲಿಯೇ ಬಿತ್ತುವುದು. ಕಿತ್ತು ನೆಟ್ಟ ಮೂಲಂಗಿ ಕವಲೊಡೆಯುತ್ತದೆ. ಮೆಂತ್ಯ ನಾಲ್ಕೈದು ದಿನದಲ್ಲಿ ಮೊಳೆತು ತಿಂಗಳೊಳಗೆ ಕೈಗೆ ಬರುತ್ತದೆ. ಕೊತ್ತಂಬರಿಯೇ ಹುಟ್ಟಲಿಲ್ಲವೆಂದು ದೂರುವವರು ಬಹಳ. ನಾವು ಬೀಜವೆನ್ನುವುದು ವಾಸ್ತವವಾಗಿ ಒಂದು ಕಾಯಿ. ಅದರೊಳಗೆ ಎರಡು ಬೀಜಗಳಿರುತ್ತವೆ. ನೆಲದ ಮೇಲೆ ಹರಡಿ ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ, ಎರಡು ವಾರ ಕಾಯುವ ತಾಳ್ಮೆಯಿದ್ದರೆ ಅದು ಮೋಸ ಮಾಡದು. ಇರುವೆ ಹೊತ್ತೊಯ್ಯದಂತೆ ಬೀಜಕ್ಕೆ ಬೂದಿ ಬೆರೆಸುವುದುಂಟು.

ಹೊಸದನ್ನು ಬಿತ್ತುವ ಸಂಭ್ರಮದಲ್ಲಿ ಹಳೆಯದರ ಬೀಜ ತೆಗೆಯುವುದನ್ನು ಮರೆಯಬಾರದು. ಹೀರೆ, ಸೋರೆ, ಪಡುವಲ ಬಳ್ಳಿಗಳು ಈಗ ಬಡವಾಗುತ್ತಿರುತ್ತವೆ. ಮೊದಮೊದಲು ಬಿಟ್ಟ ದಷ್ಟಪುಷ್ಟವಾದ ಒಂದೆರಡು ಕಾಯಿಗಳನ್ನು ಬಳ್ಳಿಯಲ್ಲಿಯೇ ಒಣಗಲು ಬಿಡಬೇಕು. ಅಲುಗಿಸಿದರೆ ಒಳಗೆ ಗಲಗಲ ಎನ್ನಬೇಕು. ತಿಂದು ಉಳಿದ ಕಡೆಯ ಕಾಯಿಯನ್ನು ಬೀಜಕ್ಕೆ ಬಿಡುವವನು ವರ್ಷ ವರ್ಷಕ್ಕೆ ಕಡೆಯ ಕಾಯಿಯ ಸಂತತಿಯನ್ನೇ ಬೆಳೆಸುತ್ತಾನೆ. ಬೀಜದ ಮಾತು ಬಂದುದರಿಂದ, ನಾನು ಈ ಲೇಖನವನ್ನು ಬರೆಯಲು ಕಾರಣವಾದ ಅವರೆಯ ವಿಷಯಕ್ಕೆ ಬರುತ್ತೇನೆ.

ಅವರೆ ಈ ನೆಲದಲ್ಲಿ ಬಹಳ ಹಳೆಯದು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳ ಬೂದಿಯಲ್ಲಿ ಹುರುಳಿ, ಹೆಸರುಗಳೊಡನೆ ಕರಕಲಾದ ಅವರೆಕಾಳುಗಳೂ ದೊರೆತಿವೆ. ನಮ್ಮ ಹಿತ್ತಿಲಿನಲ್ಲಿ ಒಂದು ಚಪ್ಪರದ ಅವರೆಯಿತ್ತು. ನಮ್ಮ ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜ. ವರ್ಷ ವರ್ಷವೂ ಬೂದಿ ಕಲಸಿ ಗಡಿಗೆಯಲ್ಲಿಟ್ಟು, ಆಷಾಢದಲ್ಲಿ ಬಿತ್ತಿ ಉಳಿಸಿಕೊಂಡು ಬಂದಿದ್ದರು. 2022ರ ಮಳೆಗಾಲ ಜೋರಾಗಿತ್ತು. ಬಳ್ಳಿ ಚಪ್ಪರವನ್ನೆಲ್ಲ ತುಂಬಿ ಪಕ್ಕದ ದಾಳಿಂಬೆಯ ಮೇಲೂ ಹಬ್ಬಿತು. ಸೆಪ್ಟೆಂಬರ್ ಮಧ್ಯಕ್ಕೆ ಬಂದರೂ ಒಂದು ಹೂವಿಲ್ಲ. ಆಗ ತಾನೇ ಒಂದು ತೋಟಗಾರಿಕೆಯ ಪುಸ್ತಕವನ್ನು ಓದಿ ಮುಗಿಸಿದ್ದ ನಾನು, ಬಿತ್ತಿದ ಎಪ್ಪತ್ತು ದಿನಕ್ಕೂ ಹೂ ಬಿಡದ ಬಳ್ಳಿ ಬಂಜೆಯೆಂದು ತೀರ್ಮಾನಿಸಿದೆ. ಅಜ್ಜಿ ನಂಟರ ಮನೆಯ ಮದುವೆಗೆ ಹೋಗಿದ್ದ ಒಂದು ಭಾನುವಾರ ಎಂಟು ಬಳ್ಳಿಗಳನ್ನೂ ಬುಡಸಮೇತ ಕಿತ್ತು ಗುಂಡಿಗೆ ತುಂಬಿ, ಆ ಜಾಗದಲ್ಲಿ ಮಡಿ ಮಾಡಿ ಮೂಲಂಗಿ ಬಿತ್ತಿದೆ.

ಅಜ್ಜಿ ಬಂದು ನೋಡಿದರು. ಕೂಗಾಡಲಿಲ್ಲ. "ಏನು ಮಗಾ, ರಾತ್ರಿ ಇನ್ನೂ ದೊಡ್ಡದಾಗಿಲ್ಲವಲ್ಲೋ. ರಾತ್ರಿ ದೊಡ್ಡದಾಗದೆ ಅವರೆ ಹೆಂಗೆ ಹೂ ಬಿಟ್ಟೀತು?" ಎಂದರು. "ಗಡಿಗೆಯಲ್ಲಿ ಬೀಜ ಉಳಿದಿರಬೇಕಲ್ಲಜ್ಜೀ, ಮತ್ತೆ ಬಿತ್ತೋಣ" ಎಂದೆ. ಗಡಿಗೆಯಲ್ಲಿ ಬೂದಿ ಮಾತ್ರವಿತ್ತು. ಆ ವರ್ಷ ಮಳೆ ಚೆನ್ನಾಗಿದೆಯೆಂದು ಇದ್ದುದನ್ನೆಲ್ಲ ಬಿತ್ತಿದ್ದರು.

ಅಜ್ಜಿಯ ಮಾತನ್ನು ನಾನು ಸಮಾಧಾನದ ಮಾತೆಂದೇ ತಿಳಿದೆ. ಅದರಲ್ಲಿ ಎಷ್ಟು ಶಾಸ್ತ್ರವಿತ್ತೆಂಬುದು ಗ್ರಂಥಾಲಯದಲ್ಲಿ ಕುಳಿತ ಮೇಲೆ ತಿಳಿಯಿತು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, ಬೇಸಗೆಯಲ್ಲಿ ಎಷ್ಟು ಬೆಳೆದರೂ ಹೂ ಬಿಡದ ಒಂದು ಜಾತಿಯ ಹೊಗೆಸೊಪ್ಪನ್ನೂ ಸೋಯಾ ಅವರೆಯನ್ನೂ ಪರೀಕ್ಷಿಸಿ, ಈ ಗಿಡಗಳು ಹೂ ಬಿಡುವುದು ವಯಸ್ಸನ್ನು ನೋಡಿ ಅಲ್ಲ, ಹಗಲಿನ ಅಳತೆಯನ್ನು ನೋಡಿ ಎಂದು ಪ್ರಕಟಿಸಿದರು. ಹಗಲು ಒಂದು ಮಿತಿಗಿಂತ ಕಿರಿದಾದಾಗ ಹೂ ಬಿಡುವ ಇಂಥ ಸಸ್ಯಗಳಿಗೆ ಹ್ರಸ್ವದಿನ ಸಸ್ಯಗಳೆಂದು ಹೆಸರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕ್ಸಾಂಥಿಯಂ ಕಳೆಗಿಡದ ಮೇಲೆ ಪ್ರಯೋಗ ನಡೆಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು. ದೀರ್ಘವಾದ ರಾತ್ರಿಯ ನಡುವೆ ಕೆಲವು ನಿಮಿಷ ಬೆಳಕು ಬಿಟ್ಟರೂ ಸಾಕು, ಹೂ ನಿಲ್ಲುತ್ತದೆ. ಬೆಳಕನ್ನು ಗುರುತಿಸುವ ವರ್ಣದ್ರವ್ಯವನ್ನು 1959ರಲ್ಲಿ ಬೆಲ್ಟ್ಸ್‌ವಿಲ್ಲಿನ ಪ್ರಯೋಗಶಾಲೆಯಲ್ಲಿ ಪತ್ತೆ ಹಚ್ಚಿದರು. ಅದನ್ನೀಗ ಫೈಟೋಕ್ರೋಮ್ ಎನ್ನುತ್ತಾರೆ. ಅಜ್ಜಿ 'ಹಗಲು ಸಣ್ಣದಾಗಬೇಕು' ಎನ್ನಲಿಲ್ಲ, 'ರಾತ್ರಿ ದೊಡ್ಡದಾಗಬೇಕು' ಎಂದರು. 1920ರ ಪಾಠವನ್ನು ಬಿಟ್ಟು ನೇರವಾಗಿ 1938ರ ಪಾಠಕ್ಕೆ ಬಂದಿದ್ದರೆನ್ನಬೇಕು.

ಇದರಲ್ಲಿ ಆಶ್ಚರ್ಯವೆಂದರೆ ನಮ್ಮ ಅಕ್ಷಾಂಶದಲ್ಲಿ ಈ ಅಳತೆಯ ಸೂಕ್ಷ್ಮತೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಬೇಸಗೆಯ ಹಗಲು ಹದಿನಾರು ಗಂಟೆಯನ್ನು ಮೀರಿ, ಚಳಿಗಾಲದಲ್ಲಿ ಎಂಟಕ್ಕೆ ಇಳಿಯುತ್ತದೆ. 13 ಡಿಗ್ರಿ ಉತ್ತರದ ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲು ಸುಮಾರು 12 ಗಂಟೆ 50 ನಿಮಿಷ. ಅತಿ ಕಿರಿದಾದದ್ದು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದ ಅಂತರ ಒಂದೂವರೆ ಗಂಟೆ. ದಿನಕ್ಕೆ ಒಂದು ನಿಮಿಷಕ್ಕೂ ಕಡಿಮೆ. ಗಡಿಯಾರ ಕಟ್ಟಿಕೊಂಡು ತರಗತಿಗೆ ತಡವಾಗಿ ಬರುವ ನಮಗೆ ಗೊತ್ತಾಗದ ಈ ನಿಮಿಷಗಳನ್ನು ಅವರೆಯ ಎಲೆ ಎಣಿಸುತ್ತಿರುತ್ತದೆ. ಸೆಪ್ಟೆಂಬರ್ 23ರ ಸುಮಾರಿಗೆ ಹಗಲು ರಾತ್ರಿ ಸಮವಾಗಿ, ಆ ಮೇಲೆ ರಾತ್ರಿ ಮುಂದಾಗುತ್ತದೆ. ನಾಟಿ ಅವರೆ ಹೂ ಬಿಡುವುದು ಅಕ್ಟೋಬರ್ ನವೆಂಬರುಗಳಲ್ಲಿ, ಸೊಗಡು ತುಂಬಿದ ಕಾಯಿ ಬರುವುದು ಧನುರ್ಮಾಸದ ಚಳಿಗೆ. ಜೂನಿನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಹೂವಿನ ಕಾಲ ಹೆಚ್ಚು ಬದಲಾಗದು. ಹಾಗಾದರೆ ಮೊದಲೇ ಬಿತ್ತುವುದೇಕೆ? ಬಳ್ಳಿ ಮೈದುಂಬಲು. ಹಸ್ತಾ ಮಳೆಗೆ ಬಿತ್ತಿದರೆ ಮೊಳದುದ್ದ ಬೆಳೆಯುವಷ್ಟರಲ್ಲಿ ರಾತ್ರಿ ದೊಡ್ಡದಾಗಿ, ಹೂಬಿಟ್ಟು, ನಾಲ್ಕು ಕಾಯಿಗೆ ಮುಗಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬಿಡುಗಡೆ ಮಾಡಿದ ಹೆಬ್ಬಾಳ ಅವರೆಯ 3, 4ನೆಯ ತಳಿಗಳಿಗೆ ಈ ಕಟ್ಟುಪಾಡಿಲ್ಲ. ವರ್ಷದ ಯಾವ ಕಾಲದಲ್ಲಿಯಾದರೂ ಹೂ ಬಿಡುತ್ತವೆ. ಮಾರುಕಟ್ಟೆಗೆ ಬೆಳೆಯುವ ರೈತನಿಗೆ ಇದು ದೊಡ್ಡ ಉಪಕಾರ. ನನ್ನ ಪುಸ್ತಕದ ಲೆಕ್ಕ ಅಂಥ ತಳಿಯದ್ದಾಗಿದ್ದಿರಬೇಕು. ಸೇವಂತಿಗೆಯೂ ಈ ಹ್ರಸ್ವದಿನದ ವರ್ಗಕ್ಕೇ ಸೇರಿದ್ದು. ಹೂವನ್ನು ತಡೆಹಿಡಿದು ಬೇಕಾದ ಕಾಲಕ್ಕೆ ಕೊಯ್ಯುವ ಬೆಳೆಗಾರರು ರಾತ್ರಿ ಹೊತ್ತು ಹೊಲದಲ್ಲಿ ವಿದ್ಯುದ್ದೀಪ ಉರಿಸುವುದು ಇದಕ್ಕಾಗಿಯೇ.

ಬೀಜದ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಸಂಕ್ರಾಂತಿಗೆ ಅಜ್ಜಿಯ ತವರಿಗೆ ಹೋದೆ. ಯಾರ ಹಿತ್ತಿಲಲ್ಲಿಯೂ ಆ ಅವರೆ ಇರಲಿಲ್ಲ. ಎಲ್ಲರೂ ಅಂಗಡಿಯಿಂದ ಬೀಜ ತರುವವರಾಗಿದ್ದರು. ಹಿಂತಿರುಗುವ ಹೊತ್ತಿಗೆ, ಊರಾಚೆ ಬೇಲಿಯೊಂದರ ಮೇಲೆ ಒಂದೇ ಬಳ್ಳಿ ಒಣಗುತ್ತಿರುವುದು ಕಂಡಿತು. ಮನೆಯವರನ್ನು ಕೇಳಿದರೆ, "ಅದು ತಾನೇ ಹುಟ್ಟುತ್ತೆ, ತಾನೇ ಸಾಯುತ್ತೆ, ಬೇಕಾದರೆ ಕಿತ್ತುಕೊಳ್ಳಪ್ಪ" ಎಂದರು. ಹುಳು ಕೊರೆದದ್ದನ್ನು ಬಿಟ್ಟು ಹತ್ತೊಂಬತ್ತು ಕಾಳು ಸಿಕ್ಕವು. ಅಜ್ಜಿ ಒಂದನ್ನು ಅಂಗೈಯಲ್ಲಿ ಹೊರಳಿಸಿ, ಕಣ್ಣಿನ ಬಳಿಯ ಬಿಳಿಯ ಗೆರೆಯನ್ನು ನೋಡಿ, "ಇದೇ" ಎಂದರು.

2023 ಬರಗಾಲದ ವರ್ಷ. ಬಚ್ಚಲ ನೀರು ಹೊತ್ತು ಬದುಕಿಸಿದ ಬಳ್ಳಿಗಳು ಏಳು. ನವೆಂಬರಿನಲ್ಲಿ ಮನೆಯ ಕಡೆಗಿದ್ದ ಬಳ್ಳಿಗಳು ಹೂಬಿಟ್ಟವು. ಹಿಂದಿನ ಗೋಡೆಯ ಕಡೆಗಿದ್ದ ಮೂರು ಬಳ್ಳಿಗಳಲ್ಲಿ ಡಿಸೆಂಬರ್ ಬಂದರೂ ಎಲೆಯಲ್ಲದೆ ಏನೂ ಇಲ್ಲ. ಒಂದೇ ಬೀಜ, ಒಂದೇ ಮಣ್ಣು, ಒಂದೇ ನೀರು. ಈ ಸಲ ನಾನು ಕೀಳಲಿಲ್ಲ. ಒಂದು ರಾತ್ರಿ ಹಿತ್ತಿಲಿಗೆ ಹೋದಾಗ ಆ ಮೂರು ಬಳ್ಳಿಗಳ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬಿದ್ದಿರುವುದು ಕಣ್ಣಿಗೆ ಬಿತ್ತು. ಗೋಡೆಯ ಆಚೆ ಹೊಸದಾಗಿ ಒಂದು ಬೀದಿದೀಪ ನೆಟ್ಟಿದ್ದರು. ಅವುಗಳ ಪಾಲಿಗೆ ರಾತ್ರಿಯೇ ಆಗಿರಲಿಲ್ಲ.

ಆದುದರಿಂದ ನಮ್ಮ ಮನೆಯ ಶರದೃತುವಿನ ಸಿದ್ಧತೆಗೆ, ಯಾವ ಪುಸ್ತಕದಲ್ಲಿಯೂ ಹೇಳದ ಒಂದು ಕೆಲಸ ಸೇರಿಕೊಂಡಿದೆ. ಆಯುಧಪೂಜೆಗೆ ಗುದ್ದಲಿ ಮಚ್ಚುಗಳನ್ನು ತೊಳೆಯುವ ಮುನ್ನ, ಹಸ್ತಾ ಮಳೆ ಹುಟ್ಟುವುದಕ್ಕೆ ಮೊದಲು, ಹಿಂದಿನ ಗೋಡೆಗೆ ಎರಡು ಗಳು ನೆಟ್ಟು ಗೋಣಿತಾಟನ್ನು ಎತ್ತರಕ್ಕೆ ಕಟ್ಟಿ ದೀಪಕ್ಕೆ ಮರೆ ಮಾಡುವುದು. 2024ರಲ್ಲಿ ಹೀಗೆ ಮಾಡಿದೆವು. ಮಧ್ಯೆ ಒಂದು ಗಾಳಿಮಳೆಗೆ ತಾಟು ಹರಿದು ಮತ್ತೆ ಹೊಲಿಯಬೇಕಾಯಿತು. ದೀಪಾವಳಿ ಕಳೆದು ಎರಡು ವಾರಕ್ಕೆ ಚಪ್ಪರದ ಎರಡು ಬದಿಯೂ ಒಟ್ಟಿಗೆ ಹೂಬಿಟ್ಟಿತು. ಹೇನು ಹತ್ತದಂತೆ ಅಜ್ಜಿ ಬೆಳಗಿನ ಇಬ್ಬನಿಯಲ್ಲಿ ಬೂದಿ ಎರಚಿದರು. ಅತ್ಯುತ್ತಮವಾದ ಗೊಂಚಲುಗಳಿಗೆ ಕೆಂಪು ನೂಲು ಕಟ್ಟಿ ಬೀಜಕ್ಕೆಂದು ಬಿಟ್ಟಿದ್ದಾರೆ. ಆ ನೂಲಿನ ಗೊಂಚಲನ್ನು ಮುಟ್ಟುವ ಅಧಿಕಾರ ನನಗಿಲ್ಲ.